ಇಳಿಸುವ ವಿದ್ಯೆ

ಪ್ರತಿದಿನ ಬೆಳಗ್ಗೆ ಕಾಫಿಗೆ ಮುನ್ನ ನಾನೊಂದು ಬಿಳಿಯ ಗುಳಿಗೆಯನ್ನು ನುಂಗುತ್ತೇನೆ. ಅದರೊಳಗಿನ ಔಷಧದ ತೂಕ ಐದು ಮಿಲಿಗ್ರಾಂ. ಅಂಗೈಯಲ್ಲಿಟ್ಟುಕೊಂಡರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಅಮ್ಲೋಡಿಪಿನ್ ಎಂದು ಅದರ ಹೆಸರು. ನನ್ನ ವಯಸ್ಸಿನ ಸ್ನೇಹಿತರು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕಲೆತಾಗ ಯಾರ ಜೇಬನ್ನು ತಡಕಿದರೂ ಇದೋ, ಇದರ ದಾಯಾದಿಯೋ ಸಿಕ್ಕೀತು. ಇಷ್ಟು ಸಾಮಾನ್ಯವಾದ ವಸ್ತುವಿಗೆ ಚರಿತ್ರೆಯೇನಿದ್ದೀತು ಎಂದು ಕೇಳುಗರಿಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸುತ್ತಿತ್ತು. ಆದರೆ ಈ ಗುಳಿಗೆಯ ವಂಶಕ್ಕೂ ನಮ್ಮ ಮನೆಗೂ ಒಂದು ಹಳೆಯ ಲೆಕ್ಕ ಬಾಕಿಯಿತ್ತು. ಅದನ್ನು ತಿಳಿದುಕೊಳ್ಳಲೆಂದು ಹೊರಟವನು ಇನ್ನೂರೈವತ್ತು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಯಿತು.

1987ರ ಮಾತು. ನಮ್ಮ ತಂದೆಯವರು ಶಾಲೆಯಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ಒಂದು ಮಧ್ಯಾಹ್ನ ತಲೆ ಸಿಡಿಯುತ್ತಿದೆ ಎಂದರು. ಹತ್ತಿರದ ವೈದ್ಯರಲ್ಲಿಗೆ ಕರೆದೊಯ್ದೆ. ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಪಾದರಸ 220ರ ಗೆರೆಯಲ್ಲಿ ನಿಂತಿತ್ತು. ವೈದ್ಯರು ಒಂದು ಮೆತ್ತನೆಯ ಕ್ಯಾಪ್ಸೂಲನ್ನು ಸೂಜಿಯಿಂದ ಚುಚ್ಚಿ, "ಮೇಷ್ಟ್ರೇ, ಇದರ ರಸವನ್ನು ನಾಲಿಗೆ ಕೆಳಗೆ ಬಿಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ ಇಳಿದುಬಿಡುತ್ತೆ" ಎಂದರು. ಅದು ನಿಫೆಡಿಪಿನ್. ಅವರು ಹೇಳಿದಂತೆಯೇ ಆಯಿತು. ಮುಕ್ಕಾಲು ಗಂಟೆಯ ಮೇಲೆ ನೋಡಿದಾಗ ಪಾದರಸ 130ಕ್ಕೆ ಇಳಿದಿತ್ತು. ನಾವು ಕೈಮುಗಿದು ಮನೆಗೆ ಬಂದೆವು. ಸಂಜೆ ಕಾಫಿ ಕುಡಿಯುತ್ತಿದ್ದಾಗ ತಂದೆಯವರ ಬಲಗೈಯಿಂದ ಲೋಟ ಜಾರಿಬಿತ್ತು. ಬಗ್ಗಿ ಎತ್ತಿಕೊಳ್ಳಲು ಆ ಕೈ ಮೇಲೇಳಲಿಲ್ಲ. ಏನೋ ಹೇಳಹೋದರು, ಮಾತು ತೊದಲಿತು.

ಆ ಕ್ಯಾಪ್ಸೂಲಿನಿಂದಲೇ ಹಾಗಾಯಿತೆಂದು ನಾನು ಹೇಳಲಾರೆ. 220ರಷ್ಟು ಒತ್ತಡವಿದ್ದ ದೇಹದಲ್ಲಿ ಲಕ್ವ ತಾನಾಗಿಯೂ ಹೊಡೆಯಬಹುದಿತ್ತು. ಆ ವೈದ್ಯರು ಕರ್ತವ್ಯಲೋಪ ಮಾಡಿದವರಲ್ಲ. ಅಂದಿನ ದಿನಗಳಲ್ಲಿ ದೇಶವಿದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದ ಕ್ರಮವನ್ನೇ ಅವರೂ ಅನುಸರಿಸಿದ್ದರು. ಆದರೆ ಒಂಬತ್ತು ವರ್ಷಗಳ ಅನಂತರ, 1996ರಲ್ಲಿ, ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಗ್ರಾಸ್‌ಮನ್, ಮೆಸ್ಸರ್ಲಿ ಮತ್ತು ಸಂಗಡಿಗರು ಈ ಪದ್ಧತಿಯನ್ನು ಇನ್ನಾದರೂ ನಿಲ್ಲಿಸಬೇಡವೇ ಎಂದು ಪ್ರಶ್ನಿಸಿ ಒಂದು ಲೇಖನ ಬರೆದರು. ಅದು ಬಹಳ ತಡವಾಗಿ ನನ್ನ ಕಣ್ಣಿಗೆ ಬಿತ್ತು. ಒಂದು ಸಂಜೆ ಸರಿಯಾಗಿದ್ದದ್ದು ಹತ್ತು ವರ್ಷ ಕಳೆಯುವುದರೊಳಗೆ ತಪ್ಪಾದದ್ದು ಹೇಗೆ? ಅಷ್ಟು ಚೆನ್ನಾಗಿ ಇಳಿದದ್ದರಲ್ಲಿ ಕೇಡೆಲ್ಲಿತ್ತು? ಇಂದು ನಾನು ನಿಮ್ಮ ಮುಂದಿಡುವ ಚರಿತ್ರೆ ಈ ಪ್ರಶ್ನೆಗಳಿಂದ ಹುಟ್ಟಿದ್ದು.

ಮೊದಲು ರೋಗದ ನಾಮಕರಣದಿಂದ ತೊಡಗೋಣ. 1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಅಲ್ಲಿನ ವೈದ್ಯರ ಮಹಾಸಭೆಯಲ್ಲಿ ಒಂದು ಪ್ರಬಂಧವನ್ನು ಓದಿದ. 1772ರಲ್ಲಿ ಅದು ಅಚ್ಚಾಯಿತು. ನಡೆಯುವಾಗ, ಅದರಲ್ಲೂ ಊಟವಾದ ಮೇಲೆ ದಿಣ್ಣೆ ಹತ್ತುವಾಗ, ಎದೆಯನ್ನು ಹಿಂಡಿ ಉಸಿರನ್ನೇ ನಿಲ್ಲಿಸಿಬಿಡುವಂತೆ ಬರುವ ನೋವು. ನಿಂತರೆ ತಾನೂ ನಿಂತುಹೋಗುವ ನೋವು. ಇದಕ್ಕೆ ಅವನು ಆಂಜೈನಾ ಪೆಕ್ಟೋರಿಸ್ ಎಂದು ಹೆಸರಿಟ್ಟ. ನಾವು ಹೃದಯಶೂಲೆ ಎನ್ನಬಹುದು. ಇದು ಹೃದಯಕ್ಕೆ ರಕ್ತ ಸಾಲದಿರುವುದರ ಕೂಗು ಎಂಬುದು ಹೆಬರ್ಡನ್ನನಿಗೆ ತಿಳಿದಿರಲಿಲ್ಲ. ಆದರೆ ಅವನ ಕಣ್ಣು ಸೂಕ್ಷ್ಮವಾದದ್ದು. ದಿನವೂ ಅರ್ಧ ಗಂಟೆ ಸೌದೆ ಕೊಯ್ಯುವುದನ್ನು ನಿಯಮ ಮಾಡಿಕೊಂಡ ರೋಗಿಯೊಬ್ಬ ಹೆಚ್ಚುಕಡಿಮೆ ಗುಣವಾದದ್ದನ್ನು ಅವನು ದಾಖಲಿಸಿದ್ದಾನೆ.

ಅದೇ ಕಾಲದ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರನಿಗೆ ಈ ಶೂಲೆ ಇತ್ತು. ನಡೆದರೆ ಬರುವಂತೆ ಸಿಟ್ಟು ಬಂದರೂ ನೋವು ಬರುತ್ತಿತ್ತು. ತನ್ನನ್ನು ಕೆಣಕಲು ಮನಸ್ಸು ಮಾಡಿದ ಯಾವ ಪೋಕರಿಯ ಕೈಯಲ್ಲಾದರೂ ತನ್ನ ಪ್ರಾಣವಿದೆ ಎಂದು ಅವನು ಹೇಳಿಕೊಳ್ಳುತ್ತಿದ್ದನಂತೆ. ಮಾತು ಸುಳ್ಳಾಗಲಿಲ್ಲ. 1793ರ ಅಕ್ಟೋಬರ್ 16ರಂದು ಸೇಂಟ್ ಜಾರ್ಜ್ ಆಸ್ಪತ್ರೆಯ ಆಡಳಿತ ಸಭೆಯಲ್ಲಿ ವಾಗ್ವಾದವಾಗಿ, ಹಂಟರ್ ಎದ್ದು ಪಕ್ಕದ ಕೋಣೆಗೆ ಹೋದವನು ಅಲ್ಲಿಯೇ ಕುಸಿದು ಸತ್ತ.

ರಕ್ತದೊತ್ತಡದ ಕಥೆ ಬೇರೆಯ ದಾರಿಯಲ್ಲಿ ಬಂತು. ನೋವಾದರೋ ರೋಗಿಯೇ ಹೇಳುತ್ತಾನೆ. ಒತ್ತಡವನ್ನು ಅಳೆದೇ ತಿಳಿಯಬೇಕು. 1733ರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಂದು ಕುದುರೆಯ ಧಮನಿಗೆ ಗಾಜಿನ ಕೊಳವೆ ಜೋಡಿಸಿ, ರಕ್ತ ಎಂಟಡಿಗೂ ಎತ್ತರಕ್ಕೆ ಚಿಮ್ಮಿ ನಿಂತದ್ದನ್ನು ಪ್ರಕಟಿಸಿದ. ಧಮನಿಯನ್ನು ಕೊಯ್ಯದೆ ಅಳೆಯುವ ತೋಳುಪಟ್ಟಿಯನ್ನು 1896ರಲ್ಲಿ ಇಟಲಿಯ ರೀವ ರೋಚ್ಚಿ ಕೊಟ್ಟ. ಪಟ್ಟಿಯ ಕೆಳಗೆ ಕಿವಿಗೊಟ್ಟು ಮೇಲಿನ ಅಂಕಿ, ಕೆಳಗಿನ ಅಂಕಿ ಎರಡನ್ನೂ ಗುರುತಿಸುವ ಕ್ರಮವನ್ನು 1905ರಲ್ಲಿ ರಷ್ಯದ ಕೊರೊಟ್‌ಕಾಫ್ ತೋರಿಸಿದ. ಅಳೆಯಲು ಬಂತು. ಆದರೆ ಅಳೆದು ಮಾಡುವುದೇನು? ಅದಕ್ಕೆ ಬಹುಕಾಲ ಉತ್ತರವಿರಲಿಲ್ಲ.

ಉತ್ತರವಿಲ್ಲದ ಆ ಕಾಲಕ್ಕೆ ಒಬ್ಬ ದೊಡ್ಡ ಸಾಕ್ಷಿಯಿದ್ದಾನೆ. ಎರಡನೆಯ ಮಹಾಯುದ್ಧವನ್ನು ನಡೆಸುತ್ತಿದ್ದ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್. 1944ರ ಮಾರ್ಚಿಯಲ್ಲಿ ತರುಣ ಹೃದ್ರೋಗ ವೈದ್ಯ ಹೋವರ್ಡ್ ಬ್ರೂಯೆನ್ ಅವನನ್ನು ಪರೀಕ್ಷಿಸಿದಾಗ ಒತ್ತಡ 186/108 ಇತ್ತು; ಹೃದಯ ಸೋಲುತ್ತಿತ್ತು. ಉಪ್ಪು ಕಡಿಮೆ, ವಿಶ್ರಾಂತಿ, ಡಿಜಿಟಾಲಿಸ್, ನಿದ್ರೆಗೊಂದು ಮದ್ದು: ಲೋಕದ ಅತಿ ಬಲಿಷ್ಠ ಮನುಷ್ಯನಿಗೆ ಅಂದಿನ ವೈದ್ಯಶಾಸ್ತ್ರ ಕೊಡಬಹುದಾಗಿದ್ದುದು ಇಷ್ಟೇ. 1945ರ ಏಪ್ರಿಲ್ 12ರಂದು ಅವನು ತಲೆನೋವೆಂದು ಕುಸಿದಾಗ ಒತ್ತಡ 300/190 ಆಗಿತ್ತು. ಅಂದೇ ತೀರಿಕೊಂಡ. ಇಂದು ನಮ್ಮ ಹೋಬಳಿಯ ಆರೋಗ್ಯಕೇಂದ್ರದಲ್ಲಿ ಸಿಗುವ ಗುಳಿಗೆ ಅವನ ಪಾಲಿಗೆ ಇರಲಿಲ್ಲ.

ಅಲ್ಲಿಂದ ನಾಲ್ಕೇ ವರ್ಷಗಳಲ್ಲಿ ನಮ್ಮ ದೇಶದಿಂದಲೇ ಒಂದು ಉತ್ತರ ಹೊರಟಿತು. ಸರ್ಪಗಂಧದ ಬೇರು ರಕ್ತದೊತ್ತಡವನ್ನು ತಗ್ಗಿಸುತ್ತದೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿಯೇ ಬರೆದಿದ್ದರು. 1949ರಲ್ಲಿ ಮುಂಬಯಿಯ ಹೃದ್ರೋಗ ವೈದ್ಯ ರುಸ್ತುಂ ಜಾಲ್ ವಕೀಲರು ತಮ್ಮ ರೋಗಿಗಳ ಅನುಭವವನ್ನು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತು ಕಣ್ಣು ತೆರೆಯಿತು. 1952ರಲ್ಲಿ ಸ್ವಿಸ್ ರಸಾಯನಜ್ಞರು ಆ ಬೇರಿನಿಂದ ರೆಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಅದಕ್ಕೂ ಮಿತಿಗಳಿದ್ದವು, ಕೆಲವರ ಮನಸ್ಸನ್ನು ಅದು ಖಿನ್ನತೆಗೆ ತಳ್ಳುತ್ತಿತ್ತೆಂದು ವೈದ್ಯರು ಹಿಂಜರಿದರು. ಆದರೂ ಒತ್ತಡವನ್ನು ಮದ್ದಿನಿಂದ ಇಳಿಸಬಹುದು ಎಂಬ ಧೈರ್ಯ ಬಂದದ್ದು ಈ ಕಾಲದಲ್ಲಿ.

ಹೃದಯಶೂಲೆಗಾದರೋ ಮದ್ದು ಮೊದಲೇ ಸಿಕ್ಕಿತ್ತು. 1867ರಲ್ಲಿ ಎಡಿನ್‌ಬರೋದಲ್ಲಿ ತರುಣ ಲಾಡರ್ ಬ್ರಂಟನ್ ಅಮೈಲ್ ನೈಟ್ರೈಟಿನ ಆವಿಯನ್ನು ಮೂಸಿಸಿ ನೋವನ್ನು ಕಳೆದ. 1879ರಲ್ಲಿ ವಿಲಿಯಂ ಮರೆಲ್ ನೈಟ್ರೊಗ್ಲಿಸರಿನನ್ನು ತನ್ನ ಮೇಲೆಯೇ ಪ್ರಯೋಗಿಸಿ, ಬಳಿಕ ರೋಗಿಗಳಿಗೆ ಕೊಟ್ಟ. ಡೈನಮೈಟಿನ ಜೀವಾಳವಾದ ವಸ್ತುವೇ ಅದು. ಕಡೆಗಾಲದಲ್ಲಿ ಡೈನಮೈಟಿನ ಜನಕ ಆಲ್‌ಫ್ರೆಡ್ ನೊಬೆಲ್ಲನಿಗೆ ವೈದ್ಯರು ಅದನ್ನೇ ಬರೆದುಕೊಟ್ಟರು. ವಿಧಿಯ ಈ ವ್ಯಂಗ್ಯವನ್ನು ಅವನು 1896ರಲ್ಲಿ ಸ್ನೇಹಿತನಿಗೆ ಬರೆದು ನಕ್ಕ. ಇಂದಿಗೂ ಶೂಲೆ ಬಂದ ಗಳಿಗೆಯಲ್ಲಿ ನಾಲಿಗೆಯ ಕೆಳಗಿಡುವ ಮಾತ್ರೆ ಅದೇ. ಆದರೆ ಅದರ ಪ್ರಭಾವ ನಿಮಿಷಗಳದ್ದು. ದಿನವಿಡೀ ಕಾಯುವ ಮದ್ದು ಬೇರೆ ಬೇಕಾಗಿತ್ತು.

ಆ ಮದ್ದಿನ ಮೂಲಕ್ಕೆ ಹೋಗಬೇಕಾದರೆ ನಾವು ಲಂಡನ್ನಿನ ಒಂದು ಪ್ರಯೋಗಶಾಲೆಯ ನಲ್ಲಿಯ ಮುಂದೆ ನಿಲ್ಲಬೇಕು. ಸಿಡ್ನಿ ರಿಂಗರ್ ಯೂನಿವರ್ಸಿಟಿ ಕಾಲೇಜಿನ ಆಸ್ಪತ್ರೆಯಲ್ಲಿ ವೈದ್ಯ. ರೋಗಿಗಳನ್ನು ನೋಡುವ ಕೆಲಸದ ನಡುವೆ ಬಿಡುವು ಮಾಡಿಕೊಂಡು ಪ್ರಯೋಗಶಾಲೆಗೆ ಹೋಗುತ್ತಿದ್ದ. ಕಪ್ಪೆಯ ಹೃದಯವನ್ನು ದೇಹದಿಂದ ಬಿಡಿಸಿ, ಉಪ್ಪುನೀರಿನಲ್ಲಿಟ್ಟು, ಅದು ಎಷ್ಟು ಹೊತ್ತು ಮಿಡಿಯುತ್ತದೆಂದು ನೋಡುವುದು ಅವನ ಪರೀಕ್ಷೆ. ಬರಿಯ ಉಪ್ಪುನೀರಿನಲ್ಲಿ ಹೃದಯ ಚೆನ್ನಾಗಿಯೇ ಮಿಡಿಯುತ್ತದೆಂದು 1882ರಲ್ಲಿ ಬರೆದ. ಆಮೇಲೆ ತಿಳಿದುಬಂದದ್ದೇನೆಂದರೆ, ಆ ಉಪ್ಪುನೀರನ್ನು ಬಟ್ಟಿಯಿಳಿಸಿದ ಶುದ್ಧ ನೀರಿನಲ್ಲಿ ಮಾಡಿರಲಿಲ್ಲ. ನಲ್ಲಿಯ ನೀರಿನಲ್ಲಿ ಮಾಡಲಾಗಿತ್ತು. ಶುದ್ಧ ನೀರಿನಲ್ಲಿ ಮಾಡಿ ನೋಡಿದರೆ ಹೃದಯ ಬಲಗುಂದುತ್ತ ಬಂದು ಕಡೆಗೆ ನಿಂತೇಹೋಯಿತು!

ಆ ನಲ್ಲಿಗೆ ನೀರು ಒದಗಿಸುತ್ತಿದ್ದುದು ನ್ಯೂ ರಿವರ್ ಎಂಬ ಕಂಪೆನಿ. 1613ರಲ್ಲಿ ತೆರೆದ ಕಾಲುವೆಯೊಂದರ ಮೂಲಕ ಹರ್ಟ್‌ಫರ್ಡ್‌ಷೈರಿನ ಸುಣ್ಣಕಲ್ಲಿನ ಊಟೆಗಳಿಂದ ಅದು ಲಂಡನ್ನಿಗೆ ನೀರು ತರುತ್ತಿತ್ತು. ಆ ನೀರಿನಲ್ಲಿ ಕರಗಿದ್ದ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಕಪ್ಪೆಯ ಹೃದಯವನ್ನು ನಡೆಸಿತ್ತು. ರಿಂಗರ್ ಇದನ್ನು ಮುಚ್ಚಿಡಲಿಲ್ಲ. 1883ರ ತನ್ನ ಹೊಸ ಪ್ರಬಂಧದ ಆರಂಭದಲ್ಲಿಯೇ ಹಿಂದಿನ ಪ್ರಯೋಗದ ನೀರು ನಲ್ಲಿಯದೆಂದು ಒಪ್ಪಿಕೊಂಡು, ಹೃದಯ ಸಂಕೋಚಗೊಳ್ಳಲು ಕ್ಯಾಲ್ಸಿಯಂ ಬೇಕೇಬೇಕೆಂದು ಸಾರಿದ. ತಪ್ಪನ್ನು ತಾನೇ ತಿದ್ದಿ ಅಚ್ಚು ಮಾಡಿಸುವ ಈ ಪ್ರಾಮಾಣಿಕತೆ ದೊಡ್ಡದು. ಇದನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಕಥೆಯ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಕ್ಯಾಲ್ಸಿಯಂ ಮಾಡುವ ಕೆಲಸವಾದರೂ ಏನು? ಹೃದಯದ ಮತ್ತು ಧಮನಿಗೋಡೆಯ ಸ್ನಾಯುಗಳು ಅಸಂಖ್ಯ ಜೀವಕೋಶಗಳಿಂದಾದವು. ಕೋಶದ ಹೊರಗೆ ಕ್ಯಾಲ್ಸಿಯಂ ಹೇರಳ. ಒಳಗೆ ಅದರ ಹತ್ತು ಸಾವಿರದಲ್ಲೊಂದು ಪಾಲಿನಷ್ಟು. ಕೋಶದ ಪೊರೆಯಲ್ಲಿ ತೀರ ಸಣ್ಣ ದ್ವಾರಗಳಿವೆ. ವಿದ್ಯುತ್ತಿನ ಸೂಚನೆ ಬಂದಾಗ ಅವು ಕ್ಷಣಮಾತ್ರ ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ. ದ್ವಾರ ಮುಚ್ಚಿ, ಒಳಗೆ ಬಂದದ್ದನ್ನು ಹೊರಹಾಕಿದ ಮೇಲೆ ಸಡಿಲುತ್ತದೆ. ಈ ದ್ವಾರಗಳಿಗೆ ಕ್ಯಾಲ್ಸಿಯಂ ಚಾನಲ್ ಎಂದು ಹೆಸರು. 1953ರಲ್ಲಿ ಪಾಲ್ ಫ್ಯಾಟ್ ಮತ್ತು ಬರ್ನಾರ್ಡ್ ಕಾಟ್ಸ್ ಏಡಿಯ ಸ್ನಾಯುವಿನಲ್ಲಿ ಇವುಗಳ ಸುಳಿವನ್ನು ಹಿಡಿದರು. 1967ರಲ್ಲಿ ಹರಾಲ್ಡ್ ರಾಯ್ಟರ್ ಹೃದಯದ ತಂತುಗಳಲ್ಲಿ ಕ್ಯಾಲ್ಸಿಯಂ ಪ್ರವಾಹವನ್ನು ತೋರಿಸಿದ. ಧಮನಿಗೋಡೆಯಲ್ಲಿ ಈ ದ್ವಾರಗಳನ್ನು ಅರೆಮುಚ್ಚಿದರೆ ಧಮನಿ ಸಡಿಲುತ್ತದೆ, ಒತ್ತಡ ಇಳಿಯುತ್ತದೆ, ಹೃದಯದ ಹೊರೆ ಹಗುರಾಗುತ್ತದೆ.

ವಿಚಿತ್ರವೆಂದರೆ, ದ್ವಾರಗಳ ವಿಷಯ ಇಷ್ಟು ಸ್ಪಷ್ಟವಾಗುವ ಮೊದಲೇ ಅವುಗಳನ್ನು ಮುಚ್ಚುವ ಮದ್ದುಗಳು ತಯಾರಾಗಿದ್ದವು. ಒಂದರ ಬೇರು ಅಫೀಮಿನ ಗಿಡದಲ್ಲಿದೆ. ಅಫೀಮಿನಲ್ಲಿರುವ ಪಪಾವರಿನ್ ಎಂಬ ಸತ್ತ್ವ ಧಮನಿಗಳನ್ನು ಸಡಿಲಿಸುತ್ತದೆಂದು ಗೊತ್ತಿತ್ತು. ಅದರ ರಾಸಾಯನಿಕ ಬಂಧುವಾಗಿ ಜರ್ಮನಿಯ ಕ್ನೋಲ್ ಕಂಪೆನಿಯಲ್ಲಿ ವೆರಪಮಿಲ್ ಹುಟ್ಟಿತು. ಇನ್ನೊಂದರ ಪ್ರೇರಣೆ ಈಜಿಪ್ಟಿನ ಒಂದು ಗಿಡ. ಖೆಲ್ಲಾ ಎಂದು ಅಲ್ಲಿಯ ಜನ ಕರೆಯುವ ಅದು ನಮ್ಮ ಓಮ, ಕೊತ್ತಂಬರಿಗಳ ಕುಟುಂಬದ್ದು. ಮೂತ್ರದ ಕಲ್ಲಿಗೆ ಅದರ ಕಷಾಯ ಕುಡಿಯುವುದು ಪುರಾತನವಾದ ವಾಡಿಕೆ. ಕೈರೋದಲ್ಲಿ ಪ್ರಾಧ್ಯಾಪಕನಾಗಿದ್ದ ಗ್ಲೆಬ್ ಆನ್ರೆಪ್, ರಷ್ಯದ ಪಾವ್ಲೋವನ ಶಿಷ್ಯ. ಅವನ ಪ್ರಯೋಗಶಾಲೆಯ ಸಹಾಯಕನೊಬ್ಬನಿಗೆ ಮೂತ್ರಶೂಲೆಯೂ ಇತ್ತು, ಹೃದಯಶೂಲೆಯೂ ಇತ್ತು. ಮೊದಲನೆಯದಕ್ಕೆಂದು ಖೆಲ್ಲಾ ಕುಡಿದರೆ ಎರಡನೆಯದೂ ಶಮನವಾಯಿತು. ಆನ್ರೆಪ್ ಇದನ್ನು ತಳ್ಳಿಹಾಕದೆ ಪರೀಕ್ಷೆಗೆ ಹಚ್ಚಿ, 1946ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದ.

ಖೆಲ್ಲಾದ ಸತ್ತ್ವವಾದ ಖೆಲಿನ್ನಿನ ಜಾಡು ಹಿಡಿದು 1948ರಲ್ಲಿ ಜರ್ಮನಿಯ ಬಾಯರ್ ಕಂಪೆನಿಯ ರಸಾಯನಜ್ಞ ಫ್ರೀಡ್‌ರಿಶ್ ಬಾಸರ್ಟ್ ಅದಕ್ಕಿಂತ ಉತ್ತಮವಾದದ್ದನ್ನು ಹುಡುಕಲು ಕುಳಿತ. ಹದಿನೈದು ವರ್ಷಗಳಿಗೂ ಮಿಕ್ಕಿ ಕಾದ ಮೇಲೆ, 19ನೆಯ ಶತಮಾನದ ರಸಾಯನಜ್ಞ ಹಾಂಚ್ ತೋರಿಸಿಕೊಟ್ಟಿದ್ದ ಹಳೆಯ ವಿಧಾನವೊಂದರಿಂದ ಹಳದಿ ಬಣ್ಣದ ಒಂದು ವಸ್ತು ಅವನ ಕೈಗೆ ಬಂತು. ಅದೇ ನಿಫೆಡಿಪಿನ್. ಬೆಳಕು ತಾಗಿದರೆ ಕೆಡುವಷ್ಟು ನಾಜೂಕು; ಆದರೆ ಧಮನಿಗಳನ್ನು ಸಡಿಲಿಸುವುದರಲ್ಲಿ ಅದಕ್ಕೆ ಎಣೆಯಿರಲಿಲ್ಲ.

ಈ ಬೇರೆಬೇರೆ ಮದ್ದುಗಳ ನಡುವಿನ ಬಂಧುತ್ವವನ್ನು ಕಂಡವನು ಫ್ರೈಬರ್ಗಿನ ಆಲ್‌ಬ್ರೆಕ್ಟ್ ಫ್ಲೆಕೆನ್‌ಸ್ಟೈನ್. 1963ರಲ್ಲಿ ಎರಡು ಕಂಪೆನಿಗಳು ತಮ್ಮ ಹೊಸ ಮದ್ದುಗಳು, ಪ್ರೆನಿಲಮಿನ್ ಮತ್ತು ವೆರಪಮಿಲ್, ಹೃದಯದ ಬಲವನ್ನು ಕುಗ್ಗಿಸುವುದೇಕೆಂದು ಅವನನ್ನು ಕೇಳಿದವು. ಅವನು ನೋಡಿದಾಗ ಮದ್ದು ಸೋಕಿದ ಹೃದಯಸ್ನಾಯುವಿನ ಸ್ಥಿತಿ ಕ್ಯಾಲ್ಸಿಯಂ ಇಲ್ಲದ ನೀರಿನಲ್ಲಿಟ್ಟ ಸ್ನಾಯುವಿನದರಂತೆಯೇ ಇತ್ತು. ಎಂಬತ್ತು ವರ್ಷ ಹಿಂದೆ ರಿಂಗರನ ಕಪ್ಪೆಯ ಹೃದಯಕ್ಕೆ ಶುದ್ಧ ನೀರಿನಲ್ಲಿ ಆದ ಅವಸ್ಥೆಯೇ ಇದು. ಹೆಚ್ಚಾಗಿ ಕ್ಯಾಲ್ಸಿಯಂ ಹಾಕಿದೊಡನೆ ಬಲ ಮರಳಿತು. ಇವು ಕ್ಯಾಲ್ಸಿಯಂಗೆ ಪ್ರತಿಯಾಗಿ ನಿಲ್ಲುವ ಮದ್ದುಗಳು ಎಂದು ಅವನು ನಿರ್ಣಯಿಸಿ ಒಂದು ಹೊಸ ಕುಲವನ್ನೇ ಗುರುತಿಸಿದ. ಮುಂದೆ ನಿಫೆಡಿಪಿನ್ ಆ ಕುಲದಲ್ಲಿ ಅಗ್ರಸ್ಥಾನ ಪಡೆಯಿತು. ಜಪಾನಿನ ತನಾಬೆ ಕಂಪೆನಿಯ ಡಿಲ್ಟಿಯಜೆಮ್ ಕೂಡ ಸೇರಿತು. ಕ್ಯಾಲ್ಸಿಯಂ ಚಾನಲ್ ಬ್ಲಾಕರ್ ಎಂದು ಇಂದು ಕರೆಯುವುದು ಇವನ್ನೇ.

ಇಲ್ಲಿ ಒಂದು ಸಣ್ಣ ಸಂದೇಹವನ್ನು ಪರಿಹರಿಸಿಬಿಡುತ್ತೇನೆ. ಪಾರ್ಕಿನ ಬೆಂಚಿನಲ್ಲಿ ನನ್ನನ್ನು ಹಲವರು ಕೇಳಿದ್ದಾರೆ: "ಇದು ಕ್ಯಾಲ್ಸಿಯಂಗೆ ವೈರಿಯಂತಲ್ಲ ಸ್ವಾಮಿ, ಹಾಲು ಬಿಡಬೇಕೆ? ರಾಗಿಮುದ್ದೆ ಬಿಡಬೇಕೆ?" ಬೇಕಿಲ್ಲ. ಈ ಮದ್ದು ಮೂಳೆಯ ಕ್ಯಾಲ್ಸಿಯಂ ಕದಿಯುವುದಿಲ್ಲ, ರಕ್ತದ ಕ್ಯಾಲ್ಸಿಯಂ ಇಳಿಸುವುದಿಲ್ಲ. ದ್ವಾರದ ಬಳಿ ಕಾವಲು ನಿಲ್ಲುತ್ತದೆ, ಅಷ್ಟೆ. ಕೈಕಾಲುಗಳ ಸ್ನಾಯುಗಳು ತಮ್ಮೊಳಗಿನ ದಾಸ್ತಾನಿನಿಂದಲೇ ಕೆಲಸ ನಡೆಸುವುದರಿಂದ ಅವುಗಳ ಬಲವೂ ಕುಂದುವುದಿಲ್ಲ.

1975ರಲ್ಲಿ ಜರ್ಮನಿಯಲ್ಲಿ ನಿಫೆಡಿಪಿನ್ ಮಾರಾಟಕ್ಕೆ ಬಂತು. ಹೃದಯಶೂಲೆಗೆಂದು ಬಂದದ್ದು ರಕ್ತದೊತ್ತಡಕ್ಕೂ ಆಯಿತು. ಓಡಾಡುವಾಗ ಬಾರದೆ ವಿಶ್ರಾಂತಿಯಲ್ಲಿ, ಧಮನಿ ಸೆಟೆದು ಬರುವ ಒಂದು ಬಗೆಯ ಶೂಲೆಯನ್ನು 1959ರಲ್ಲಿ ಪ್ರಿನ್ಸ್‌ಮೆಟಲ್ ವರ್ಣಿಸಿದ್ದ. ಅದಕ್ಕಂತೂ ಈ ಕುಲದ ಮದ್ದುಗಳು ರಾಮಬಾಣವಾದವು. ಕ್ಯಾಪ್ಸೂಲಿನ ರಸ ಹೊಟ್ಟೆ ಸೇರಿದ ಕೆಲವೇ ನಿಮಿಷಗಳಲ್ಲಿ ಒತ್ತಡ ಇಳಿಯುತ್ತಿತ್ತು. ವೈದ್ಯನ ಎದುರಿಗೆ, ರೋಗಿಯ ಮನೆಯವರ ಎದುರಿಗೆ, ಪಾದರಸ ಜಾರಿ ಕೆಳಗೆ ಬರುವುದು ಕಣ್ಣಿಗೆ ಕಾಣುತ್ತಿತ್ತು. ಅಂಥ ಮದ್ದನ್ನು ಯಾರು ತಾನೆ ಬಿಟ್ಟಾರು? ನಾಲಿಗೆಯ ಕೆಳಗೆ ಹಿಂಡುವ ಪದ್ಧತಿ ಹುಟ್ಟಿದ್ದು ಹೀಗೆ. ನೈಟ್ರೊಗ್ಲಿಸರಿನ್ ನಾಲಿಗೆಯ ಕೆಳಗಿಂದಲೇ ರಕ್ತಕ್ಕೆ ಸೇರುತ್ತದೆ. ಇದೂ ಹಾಗೆಯೇ ಎಂದುಕೊಂಡರು. ಅದೂ ನಿಜವಲ್ಲ, ಬಾಯಿಯಿಂದ ಇದು ಹೀರಲ್ಪಡುವುದು ಅತ್ಯಲ್ಪ, ನುಂಗಿದ ಪಾಲೇ ಕೆಲಸ ಮಾಡುತ್ತಿತ್ತೆಂದು ಆಮೇಲೆ ತಿಳಿಯಿತು.

ಕೇಡು ಎಲ್ಲಿತ್ತು? ಮಿದುಳು ತನಗೆ ಬೇಕಾದಷ್ಟು ರಕ್ತವನ್ನು ತಾನೇ ಹದಮಾಡಿಕೊಳ್ಳುತ್ತದೆ. ಒತ್ತಡ ಏರಿದರೆ ಅದರ ಧಮನಿಗಳು ಕಿರಿದಾಗುತ್ತವೆ, ಇಳಿದರೆ ಹಿಗ್ಗುತ್ತವೆ. ಆದರೆ ವರ್ಷಗಟ್ಟಲೆ ಏರಿದ ಒತ್ತಡಕ್ಕೆ ಒಗ್ಗಿಹೋದ ಮಿದುಳು ಆ ಎತ್ತರವನ್ನೇ ತನ್ನ ನೆಲವೆಂದು ಭಾವಿಸಿಕೊಂಡಿರುತ್ತದೆ. ಒಮ್ಮೆಲೆ ಕೆಳಕ್ಕೆ ಎಳೆದರೆ, ನಮ್ಮ ಲೆಕ್ಕಕ್ಕೆ ಒಳ್ಳೆಯದೆನಿಸಿದ 130ರ ಅಂಕಿಯೇ ಅದರ ಲೆಕ್ಕಕ್ಕೆ ಬರಗಾಲ. ಜೊತೆಗೆ, ಒತ್ತಡ ದಿಢೀರನೆ ಕುಸಿದಾಗ ದೇಹ ಗಾಬರಿಗೊಂಡು ಹೃದಯವನ್ನು ಓಡಿಸುತ್ತದೆ. ಮೊದಲೇ ರಕ್ತ ಸಾಲದ ಹೃದಯಕ್ಕೆ ಅದು ಎರಡನೆಯ ಪೆಟ್ಟು. 1996ರ ಆ ಲೇಖನದಲ್ಲಿ, ಕ್ಯಾಪ್ಸೂಲಿನ ಬೆನ್ನಿಗೇ ಬಂದ ಪಾರ್ಶ್ವವಾಯು, ಹೃದಯಾಘಾತ ಮತ್ತು ಸಾವುಗಳ ವರದಿಗಳನ್ನು ಒಟ್ಟುಗೂಡಿಸಿದ್ದರು. ಎದುರಿಗೆ ಕಂಡದ್ದು ಅಂಕಿಯ ಇಳಿತ. ಅದರಿಂದ ರೋಗಿಗೆ ಒಳಿತಾಯಿತೆ ಎಂಬುದಕ್ಕೆ ಪುರಾವೆಯನ್ನು ಯಾರೂ ಕೂಡಿಸಿರಲಿಲ್ಲ.

ಅದರ ಹಿಂದಿನ ವರ್ಷವೇ ದೊಡ್ಡ ಗುಲ್ಲೆದ್ದಿತ್ತು. 1995ರಲ್ಲಿ ಬ್ರೂಸ್ ಸಾಟಿ ಮತ್ತು ಸಂಗಡಿಗರು, ಬೇಗ ಹತ್ತಿ ಬೇಗ ಇಳಿಯುವ ಈ ಕುಲದ ಮದ್ದುಗಳನ್ನು ತೆಗೆದುಕೊಳ್ಳುತ್ತಿದ್ದ ರಕ್ತದೊತ್ತಡದ ರೋಗಿಗಳಲ್ಲಿ ಹೃದಯಾಘಾತ ಹೆಚ್ಚೆಂದು ಪ್ರಕಟಿಸಿದರು. ಕರ್ಟ್ ಫರ್‌ಬರ್ಗ್ ಹಳೆಯ ಅಧ್ಯಯನಗಳನ್ನು ಕೂಡಿಸಿ ನೋಡಿ, ನಿಫೆಡಿಪಿನ್ನಿನ ಪ್ರಮಾಣ ಹೆಚ್ಚಿದಷ್ಟೂ ಹೃದ್ರೋಗಿಗಳ ಸಾವು ಹೆಚ್ಚೆಂದು ತೋರಿಸಿದ. ಪತ್ರಿಕೆಗಳು ಕೂಗಿದವು, ರೋಗಿಗಳು ಹೆದರಿದರು. ಈ ಕುಲವನ್ನೇ ಕೈಬಿಡಬೇಕೆಂದವರು ಕೆಲವರು. ಇದೆಲ್ಲ ಉತ್ಪ್ರೇಕ್ಷೆ ಎಂದವರು ಕೆಲವರು.

ನಿಜ ಇವೆರಡರ ನಡುವೆ ಇತ್ತು. ದೋಷ ದ್ವಾರವನ್ನು ಮುಚ್ಚುವುದರಲ್ಲಿ ಇರಲಿಲ್ಲ, ಮುಚ್ಚುವ ಆತುರದಲ್ಲಿತ್ತು. ನಿಫೆಡಿಪಿನ್ನನ್ನೇ ದಿನವಿಡೀ ತೊಟ್ಟುತೊಟ್ಟಾಗಿ ಬಿಡುವ ಗುಳಿಗೆ ಅಷ್ಟರಲ್ಲಿ ಬಂದಿತ್ತು. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿದ್ದ ಫೈಜರ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಅಮ್ಲೋಡಿಪಿನ್ ಸ್ವಭಾವದಿಂದಲೇ ನಿಧಾನಿ. ನುಂಗಿದ ಮೇಲೆ ರಕ್ತದಲ್ಲಿ ಅದು ಪೂರ್ಣಮಟ್ಟಕ್ಕೆ ಬರಲು ಆರರಿಂದ ಹನ್ನೆರಡು ಗಂಟೆ. ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ. ಒತ್ತಡ ದಿನಗಳ ಮೇಲೆ ಮೆಲ್ಲಮೆಲ್ಲನೆ ಇಳಿಯುತ್ತದೆ. 1992ರಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು.

ಈ ಬಾರಿ ಪಾದರಸ ಇಳಿದುದನ್ನು ಕಂಡು ಯಾರೂ ತೃಪ್ತರಾಗಲಿಲ್ಲ. ಜನ ಬದುಕಿದರೆ, ಲಕ್ವ ತಪ್ಪಿತೆ ಎಂದು ವರ್ಷಗಟ್ಟಲೆ ಎಣಿಸಿದರು. 1997ರಲ್ಲಿ ಪ್ರಕಟವಾದ ಯೂರೋಪಿನ ಅಧ್ಯಯನವೊಂದು, 60 ದಾಟಿದ 4,695 ಮಂದಿಯಲ್ಲಿ, ಇದೇ ಕುಲದ ನೈಟ್ರೆಂಡಿಪಿನ್ನಿನಿಂದ ಆರಂಭಿಸಿದ ಚಿಕಿತ್ಸೆ ಪಾರ್ಶ್ವವಾಯುವನ್ನು ಶೇಕಡಾ 42ರಷ್ಟು ಕಡಿಮೆ ಮಾಡಿದ್ದನ್ನು ತೋರಿಸಿತು. ಆಲ್‌ಹ್ಯಾಟ್ ಎಂಬ ಇನ್ನೂ ದೊಡ್ಡ ಪರೀಕ್ಷೆ 33,357 ಮಂದಿಯದು, 2002ರಲ್ಲಿ ಹೊರಬಂತು. ಹೃದಯಾಘಾತವನ್ನೂ ಅದರಿಂದಾಗುವ ಸಾವನ್ನೂ ತಪ್ಪಿಸುವುದರಲ್ಲಿ ಅಮ್ಲೋಡಿಪಿನ್ ಹಳೆಯ ಮೂತ್ರವರ್ಧಕ ಗುಳಿಗೆಗೆ ಸಮನಾಗಿ ನಿಂತಿತು. ಹೃದಯ ಸೋಲುವ ತೊಂದರೆ ಮಾತ್ರ ಅಮ್ಲೋಡಿಪಿನ್ ತೆಗೆದುಕೊಂಡವರಲ್ಲಿ ಹೆಚ್ಚಾಗಿತ್ತು. ಭಯ ಬಹುಮಟ್ಟಿಗೆ ಹೋಯಿತು, ಮಿತಿಯೂ ತಿಳಿಯಿತು. 2017ರಲ್ಲಿ ಆರಂಭವಾದ ನಮ್ಮ ದೇಶದ ರಕ್ತದೊತ್ತಡ ನಿಯಂತ್ರಣ ಯೋಜನೆಯಲ್ಲಿಯೂ ಹಲವು ರಾಜ್ಯಗಳು ಚಿಕಿತ್ಸೆಯನ್ನು ತೊಡಗಿಸಿದ್ದು ಅಮ್ಲೋಡಿಪಿನ್ನಿನಿಂದಲೇ.

ಗುಣವಿದ್ದಲ್ಲಿ ದೋಷವೂ ಉಂಟು. ಕೆಲವರಿಗೆ ಕಾಲಗಂಟು ಊದಿಕೊಳ್ಳುತ್ತದೆ, ಮುಖ ಕೆಂಪೇರುತ್ತದೆ, ತಲೆನೋವು ಬರುತ್ತದೆ, ವೆರಪಮಿಲ್ಲಿನಿಂದ ಮಲಬದ್ಧತೆ. 1991ರಲ್ಲಿ ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ಪ್ರಕಟಿಸಿದ ಸಂಗತಿ ಸ್ವಾರಸ್ಯವಾದದ್ದು. ಮದ್ಯಕ್ಕೂ ಈ ಕುಲದ ಫೆಲೋಡಿಪಿನ್ನಿಗೂ ಇರುವ ಸಂಬಂಧ ನೋಡಲೆಂದು, ಮದ್ಯದ ರುಚಿ ಮರೆಸಲು ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ಮದ್ದಿನ ಮಟ್ಟ ರಕ್ತದಲ್ಲಿ ಹಲವು ಪಟ್ಟು ಏರಿತ್ತು. ಕಾರಣ ಮದ್ಯವಲ್ಲ, ಹಣ್ಣಿನ ರಸ! ಆ ಹಣ್ಣು ಚಕ್ಕೋತದ ಸಂತತಿ. ದೇವನಹಳ್ಳಿಯ ಚಕ್ಕೋತವನ್ನು ಪ್ರೀತಿಸುವವರು ಇಂಥ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ತಮ್ಮ ವೈದ್ಯರನ್ನು ಒಂದು ಮಾತು ಕೇಳುವುದು ಲೇಸು. ಇನ್ನೊಂದು ಮಾತು: ಎದೆನೋವು ಬಂದ ಗಳಿಗೆಯಲ್ಲಿ ಕೈಹಿಡಿಯುವ ಮದ್ದು ಅಮ್ಲೋಡಿಪಿನ್ ಅಲ್ಲ. ಅದು ದಿನದಿನದ ಕಾವಲುಗಾರ, ಬೆಂಕಿ ಆರಿಸುವವನಲ್ಲ. ಒತ್ತಡ ಸರಿಯಾಯಿತೆಂದು ತಾನೇ ಗುಳಿಗೆ ಬಿಡುವವನು, ಕಾವಲಿದ್ದುದರಿಂದಲೇ ಕಳವಾಗಲಿಲ್ಲ ಎಂಬುದನ್ನು ಮರೆತವನು.

ಮಲೆನಾಡಿನ ಗಾಡಿಯವರನ್ನು ಬಾಲ್ಯದಲ್ಲಿ ನಾನು ಕಂಡಿದ್ದೇನೆ. ಘಟ್ಟ ಹತ್ತುವುದಕ್ಕೆ ಎತ್ತಿನ ಬಲ ಸಾಕು, ಇಳಿಸುವುದಕ್ಕೆ ಗಾಡಿಯವನ ವಿದ್ಯೆ ಬೇಕು ಎಂದು ಅವರು ಹೇಳುತ್ತಿದ್ದರು. ಒತ್ತಡವನ್ನು ಇಳಿಸುವುದೂ ಅಂಥ ವಿದ್ಯೆ. ಅದನ್ನು ಕಲಿಯಲು ವೈದ್ಯಶಾಸ್ತ್ರಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಆ ಇಪ್ಪತ್ತು ವರ್ಷಗಳ ನಡುವೆ ಸಿಕ್ಕವರಲ್ಲಿ ನಮ್ಮ ತಂದೆಯವರೂ ಒಬ್ಬರಿರಬಹುದು. ಆದರೆ ಕಲಿಯಿತಲ್ಲ! ರಿಂಗರ್ ತನ್ನ ತಪ್ಪನ್ನು ತಾನೇ ಅಚ್ಚು ಮಾಡಿಸಿದಂತೆ, ವೈದ್ಯರು ತಮ್ಮ ಕೈಯಾರೆ ನಡೆಸುತ್ತಿದ್ದ ಪದ್ಧತಿಯನ್ನು ತಾವೇ ಎಣಿಸಿ, ತಾವೇ ತಿದ್ದಿಕೊಂಡರು. ಈ ಚರಿತ್ರೆಯಲ್ಲಿ ನನಗೆ ಸಮಾಧಾನ ಕೊಟ್ಟ ಅಂಶ ಅದೊಂದೇ.

ತಂದೆಯವರು ಆ ಸಂಜೆಯ ಬಳಿಕ ಆರು ವರ್ಷ ಬದುಕಿದ್ದರು. ಮಾತು ಮುಕ್ಕಾಲುಪಾಲು ಮರಳಿತು, ಬಲಗೈ ಮರಳಲಿಲ್ಲ. ಆ ವೈದ್ಯರು ವಾರಕ್ಕೊಮ್ಮೆ ಮನೆಗೆ ಬಂದು ಕುಳಿತು ಹೋಗುತ್ತಿದ್ದರು. ಶುಲ್ಕದ ಮಾತೆತ್ತಿದರೆ ಎದ್ದುಬಿಡುತ್ತಿದ್ದರು. ತಂದೆಯವರು ಅವರ ಮೇಲೆ ಒಂದು ದಿನವೂ ಬೇಸರಿಸಲಿಲ್ಲ. ಮೂರನೆಯ ತರಗತಿಯ ಹುಡುಗನಂತೆ ಕಾಪಿ ಪುಸ್ತಕ ಹಿಡಿದು ಎಡಗೈಯಲ್ಲಿ ಅಕ್ಷರ ತಿದ್ದಿದರು. ಆ ಪುಸ್ತಕ ಈಗಲೂ ನನ್ನ ಬಳಿಯಿದೆ. ಮೊದಲ ಪುಟಗಳಲ್ಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆ. ಕೊನೆಯ ಪುಟದಲ್ಲಿ ಸಾಲು ನೇರವಾಗಿದೆ. ಬೆಳಗಿನ ಗುಳಿಗೆಯನ್ನು ನಾನು ಆ ಪುಸ್ತಕವಿರುವ ಗೂಡಿನಲ್ಲಿಯೇ ಇಟ್ಟುಕೊಂಡಿದ್ದೇನೆ.